ಸಿದ್ದಪ್ಪನ ಎತ್ತಿನ ಕಣ್ಣು

ಅಕ್ಕ ಬೆಳಗ್ಗೆ ಏಳು ಗಂಟೆಯೊಳಗೆ ಫೋನು ಮಾಡಿದಳೆಂದರೆ ಅವಳ ಮನೆಯ ಅಟ್ಟದಲ್ಲಿ ಏನೋ ಹಳೆಯದು ಸಿಕ್ಕಿದೆ ಎಂದೇ ಅರ್ಥ. ರಾಜಾಜಿನಗರದ ನಮ್ಮ ಹಳೆಯ ಮನೆಯಲ್ಲಿ ಈಗ ಇರುವವಳು ಅವಳು. ನಾನು ವಿಜಯನಗರಕ್ಕೆ ಬಂದು ಬಹಳ ವರ್ಷಗಳಾದವು. ಕಳೆದ ತಿಂಗಳು ಸುಣ್ಣಬಣ್ಣಕ್ಕೆಂದು ಅವಳು ಅಟ್ಟ ಖಾಲಿ ಮಾಡಿಸುತ್ತಿದ್ದಳು. ಮೊದಲ ದಿನ ನನ್ನ ಆರನೆಯ ತರಗತಿಯ ಅಂಕಪಟ್ಟಿ ಸಿಕ್ಕಿತು. ಡ್ರಾಯಿಂಗಿನಲ್ಲಿ ನನಗೆ ಬಂದಿದ್ದ ಅಂಕವನ್ನು ಫೋನಿನಲ್ಲೇ ಎರಡು ಸಲ ಓದಿ ಹೇಳಿದಳು, ಮೊದಲ ಸಲ ನನಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದು. ಎರಡನೆಯ ದಿನ ಅಪ್ಪನ ಕೊಡೆಯ ಹಿಡಿಕೆ. ಮೂರನೆಯ ದಿನ ಅವಳ ದನಿಯಲ್ಲಿ ಬೇರೆಯೇ ಉತ್ಸಾಹವಿತ್ತು.

"ಶಿವು, ತಿಂಡಿ ತಿಂದ್ಯಾ? ತಿಂದಿದ್ರೆ ಬಾ. ತಿಂದಿಲ್ಲ ಅಂದ್ರೂ ಬಾ. ನಿನ್ನ ಎತ್ತಿನ ಕಥೆಗೆ ಕಲ್ಲು ಬಿತ್ತು."

ಹೋದೆ. ನಡುಮನೆಯಲ್ಲಿ ನಮ್ಮ ಅಜ್ಜಿಯ ತಗಡಿನ ಟ್ರಂಕು ಬಾಯಿ ತೆರೆದು ಕೂತಿತ್ತು. ಅಪ್ಪನ ಅಮ್ಮನಾದ ಈ ಅಜ್ಜಿ ತೀರಿಕೊಂಡಾಗ ಟ್ರಂಕಿನ ಬೀಗದ ಕೈ ಯಾರಿಗೂ ಸಿಕ್ಕಿರಲಿಲ್ಲ. ಒಡೆಯಲು ಅಪ್ಪನಿಗೆ ಮನಸ್ಸು ಬರಲಿಲ್ಲ, ಆಮೇಲೆ ಯಾರಿಗೂ ನೆನಪು ಬರಲಿಲ್ಲ. ಈಗ ಬಣ್ಣದವನು ಒಂದೇ ಸುತ್ತಿಗೆ ಏಟಿನಲ್ಲಿ ಆ ಕೆಲಸ ಮುಗಿಸಿದ್ದ. ಒಳಗೆ ಎರಡು ಇಳಕಲ್ ಸೀರೆ, ಒಂದು ವಿಭೂತಿ ಗಟ್ಟಿ, ಮತ್ತು ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದು ವಸ್ತು. ತೊಗಲಿನ ಎರಡು ಬಟ್ಟಲುಗಳು, ಒಂದೊಂದೂ ಅರ್ಧ ತೆಂಗಿನ ಚಿಪ್ಪಿನಷ್ಟು. ನಡುವೆ ಜೋಡಿಸುವ ಒಂದು ಪಟ್ಟಿ, ಎರಡು ಬದಿಗೂ ದಾರ.

ಏನೆಂದು ತಿಳಿಯದ ವಸ್ತು ಕೈಗೆ ಬಂದರೆ ನಾನು ಮೊದಲು ಅಳತೆ ತೆಗೆಯುತ್ತೇನೆ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನ ಚಟ ಅದು. ಜೇಬಿನಿಂದ ಟೇಪು ತೆಗೆದು ಅಗಲ, ಆಳ ಎಲ್ಲ ಬರೆದುಕೊಂಡು, "ಕುಸ್ತಿಯವರು ಮೊಣಕಾಲಿಗೆ ಕಟ್ಟಿಕೊಳ್ಳೋದಿರಬೇಕು" ಎಂದೆ.

"ನಮ್ಮ ಮನೇಲಿ ಯಾರೋ ಕುಸ್ತಿ ಆಡಿದ್ದು? ನೀನಾ?" ಅಕ್ಕ ನಕ್ಕಳು. "ಎತ್ತಿನ ಕಣ್ಣುಪಟ್ಟಿ ಕಣೋ. ಗಾಣಕ್ಕೆ ಹೂಡೋ ಎತ್ತಿಗೆ ಕಣ್ಣು ಕಾಣದ ಹಾಗೆ ಕಟ್ತಿದ್ರಲ್ಲ, ಅದು. ಈಗೇನಂತೀಯ?"

ನಾನು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡೆ. ಆ ಕಣ್ಣುಪಟ್ಟಿ ನನಗೇಕೆ ಅಷ್ಟು ದೊಡ್ಡ ವಿಷಯ ಎಂದು ತಿಳಿಯಬೇಕಾದರೆ ಸಿದ್ದಪ್ಪನ ವಿಷಯ ನಿಮಗೆ ಹೇಳಬೇಕು.

ಗಾಣದ ಸಿದ್ದಪ್ಪ ನಮ್ಮ ತಾತನ ತಾತ. ಹಿರಿಯೂರಿನ ಕಡೆಯ ಒಂದು ಹಳ್ಳಿಯಲ್ಲಿ ಎಣ್ಣೆ ತೆಗೆಯುವ ಗಾಣ ಇಟ್ಟುಕೊಂಡಿದ್ದವನು. ಆ ಕಾಲದಲ್ಲಿ ಊರೂರಿಗೂ ಗಾಣ, ಗಾಣಗಾಣಕ್ಕೂ ಎತ್ತು, ಎತ್ತೆತ್ತಿಗೂ ಕಣ್ಣುಪಟ್ಟಿ. ಸಿದ್ದಪ್ಪನೊಬ್ಬನೇ ತನ್ನ ಎತ್ತಿಗೆ ಕಣ್ಣು ಕಟ್ಟುತ್ತಿರಲಿಲ್ಲವಂತೆ. ಎತ್ತು ಎಲ್ಲವನ್ನೂ ನೋಡುತ್ತಲೇ, ತಾನು ಎಲ್ಲಿಗೂ ಹೋಗುತ್ತಿಲ್ಲ ಎಂದು ತಿಳಿದೇ, ಸುತ್ತುತ್ತಿತ್ತಂತೆ. ಸುತ್ತಲ ಊರಿನವರು ಎಣ್ಣೆಗೆಂದು ಬಂದು ಎತ್ತನ್ನು ನೋಡಿಕೊಂಡು ಹೋಗುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಅಜ್ಜಿ. ಹಾಗೆಂದು ನನ್ನ ನೆನಪು.

ಈ ಕಥೆಯನ್ನು ನಾನು ಸುಮ್ಮನೆ ಇಟ್ಟುಕೊಳ್ಳಲಿಲ್ಲ. ಪ್ರತಿವರ್ಷ ಮೊದಲ ತರಗತಿಯಲ್ಲಿ, ಹೊಸ ಹುಡುಗ ಹುಡುಗಿಯರು ಇನ್ನೂ ಬೆಂಚು ಹುಡುಕುತ್ತಿರುವಾಗಲೇ ಶುರು ಮಾಡುತ್ತಿದ್ದೆ: "ನಮ್ಮ ತಾತನ ತಾತ ಎತ್ತಿಗೇ ಕಣ್ಣು ಕಟ್ಟಲಿಲ್ಲ, ನಾನು ನಿಮಗೆ ಕಟ್ಟೋದಿಲ್ಲ. ಯಾರು ಏನು ಹೇಳಿದರೂ ಪುರಾವೆ ಕೇಳಿ. ನಾನು ಹೇಳಿದರೂ ಕೇಳಿ." ಚಪ್ಪಾಳೆ ಬೀಳುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಎದ್ದು ನಿಂತು, "ಸಾರ್, ಆ ಎತ್ತಿಗೆ ಪುರಾವೆ ಏನು?" ಎಂದು ಕೇಳಲಿಲ್ಲ. ನನ್ನ ಪಾಠ ಎಷ್ಟು ಪರಿಣಾಮ ಬೀರಿತ್ತು ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ಹಾಗೆಯೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅದೇ ಹೊತ್ತಿಗೆ ಕೆಂಗೇರಿ ಉಪನಗರದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಮಹೇಶ, ಗಾಣದ ಮನೆಯವರೆಲ್ಲ ಸೇರುವ ಒಂದು ದಿನ ಗೊತ್ತುಮಾಡಿ, ಅಂದು ಹಂಚಲು ವಂಶವೃಕ್ಷದ ಪುಸ್ತಕ ಮಾಡಿಸುತ್ತಿದ್ದ. ಸಿದ್ದಪ್ಪನ ಬಗ್ಗೆ ಒಂದು ಪುಟ ನಾನು ಬರೆಯಬೇಕು. ಮುಖಪುಟ ಆಗಲೇ ಅಚ್ಚಾಗಿತ್ತು: ಗಾಣ, ಎತ್ತು, ಎತ್ತಿಗೆ ನಟಿಯರಿಗಿರುವಂಥ ದೊಡ್ಡ ಕಣ್ಣು. ತರಗತಿಯಲ್ಲಿ ಬಾಯಿಮಾತಿಗೆ ಹೇಳುವುದು ಬೇರೆ. ನನ್ನ ಹೆಸರು ಹಾಕಿ ಅಚ್ಚು ಮಾಡಿ, ಮೊಮ್ಮಕ್ಕಳ ಕೈಗೆ ಕೊಡುವುದು ಬೇರೆ. ಸುಳ್ಳಾದರೆ ನಾನು ಕಲಿಸಿದ ಅಷ್ಟೂ ವರ್ಷಗಳ ಮೊದಲ ದಿನ ಸುಳ್ಳಾದಂತೆ.

ಅಕ್ಕನಿಗೆ ಆ ಪುಸ್ತಕದ ಮೇಲೆ ಬೇರೆಯೇ ಕೋಪ. ಮರದಲ್ಲಿ ಗಂಡುಮಕ್ಕಳ ಹೆಸರು ಮಾತ್ರ ಇತ್ತು. ಕೇಳಿದರೆ ಮಹೇಶ, "ಹೆಣ್ಣುಮಕ್ಕಳನ್ನೂ ಹಾಕಿದ್ರೆ ಪೇಜಲ್ಲಿ ಜಾಗ ಸಾಲಲ್ಲ ಅಕ್ಕ" ಎಂದನಂತೆ.

"ಎತ್ತಿಗೆ ಮುಖಪುಟದಲ್ಲೇ ಜಾಗ ಇದೆ" ಎಂದಳು ಅಕ್ಕ ನನ್ನ ಹತ್ತಿರ. "ನಾನು ಕೊಂಬು ಬೆಳೆಸ್ಕೋಬೇಕು ಅಷ್ಟೇ."

ಮೊದಲು ನನ್ನ ನೆನಪನ್ನೇ ವಿಚಾರಣೆಗೆ ಕರೆದೆ. ಅಜ್ಜಿ ಈ ಕಥೆ ಹೇಳಿದ್ದು ರಾಜಾಜಿನಗರದ ಮನೆಯ ಜಗುಲಿಯ ಮೇಲೆ. ಕೆಂಪು ಗಾರೆಯ ನುಣ್ಣನೆಯ ಜಗುಲಿ. ಕೂತರೆ ತೊಡೆಗೆ ತಣ್ಣಗಾಗುತ್ತಿತ್ತು. ಅಜ್ಜಿ ಮಂಡಕ್ಕಿಗೆ ಎಣ್ಣೆ, ಖಾರದಪುಡಿ ಕಲಸುತ್ತಾ ಹೇಳುತ್ತಿದ್ದಳು. ಇಷ್ಟು ಸ್ಪಷ್ಟವಾಗಿದ್ದ ಮೇಲೆ ಇನ್ನೇನು? ಅಕ್ಕನಿಗೆ ಹೇಳಿದೆ.

"ಯಾವ ಜಗುಲಿಯೋ? ಈ ಮನೆಗೆ ಜಗುಲಿ ಯಾವತ್ತಿತ್ತು? ಮೂರು ಮೆಟ್ಲು, ಒಂದು ಗೇಟು."

"ಕೆಂಪು ಗಾರೆ..."

"ಕೆಂಪು ಗಾರೆ ಹಾಕ್ಸಿದ್ದು ಅಜ್ಜಿ ಹೋದ ಮೇಲೆ. ಮಂಡಕ್ಕಿ ಕಲಸ್ತಿದ್ದೋಳು ಅಮ್ಮ. ಅಜ್ಜಿಗೆ ಖಾರ ಆಗ್ತಿರಲಿಲ್ಲ."

ಒಂದೇ ನಿಮಿಷದಲ್ಲಿ ಜಗುಲಿ ಹೋಯಿತು, ಗಾರೆ ಹೋಯಿತು, ಮಂಡಕ್ಕಿಯೂ ಹೋಯಿತು. ಅಜ್ಜಿಯೊಬ್ಬಳು ಗಾಳಿಯಲ್ಲಿ ಕೂತು ಕಥೆ ಹೇಳುತ್ತಿದ್ದಳು. ಬಹುಶಃ ಅವಳೂ ಹೇಳಿರಲಿಕ್ಕಿಲ್ಲ, ನಾನೇ ಎಂದೋ ಕಟ್ಟಿಕೊಂಡಿದ್ದೇನೆ ಎಂಬ ಅನುಮಾನ ಅಂದು ಶುರುವಾಯಿತು. ಬೇರೆಯವರನ್ನು ಅನುಮಾನಿಸುವುದು ನನಗೆ ಅಭ್ಯಾಸ. ನನ್ನನ್ನೇ ಅನುಮಾನಿಸುವುದು ಅಷ್ಟು ಸುಖವಾಗಿರಲಿಲ್ಲ.

ಕಾಗದ ಹುಡುಕೋಣವೆಂದು ಹಳೆಯ ದಫ್ತರಗಳನ್ನು ಇಟ್ಟಿರುವ ಒಂದು ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು.

"ಜಮೀನು ವ್ಯಾಜ್ಯಾನಾ ಸಾರ್?"

"ಅಲ್ಲ."

"ಪಾಲುಪಟ್ಟಿ? ಜಾತಿ ಸರ್ಟಿಫಿಕೇಟು?"

"ಅಲ್ಲ. ನಮ್ಮ ತಾತನ ತಾತ ಎತ್ತಿಗೆ ಕಣ್ಣು ಕಟ್ಟುತ್ತಿದ್ದರೋ ಇಲ್ಲವೋ ಅಂತ ತಿಳೀಬೇಕಿತ್ತು."

ಅವರು ಒಂದು ಕುರ್ಚಿ ಎಳೆದು ನನ್ನ ಮುಂದಿಟ್ಟರು. ಆಮೇಲೆ, "ಕೂತ್ಕೊಳಿ ಸಾರ್, ನೀರು ಕುಡೀರಿ" ಎಂದರು. ಆದರೂ ನಾಲ್ಕನೆಯ ಸಲ ಹೋದಾಗ, ಊರೂರಿನ ಮಗ್ಗ, ಗಾಣ, ಕುಲುಮೆಗಳ ಒಂದು ಹಳೆಯ ಪಟ್ಟಿಯನ್ನು ಅವರೇ ಹುಡುಕಿ ತಂದುಕೊಟ್ಟರು. ನಮ್ಮ ಊರಿನ ಪುಟದಲ್ಲಿ, ಕಂದಿದ ಮಸಿಯಲ್ಲಿ, ಒಂದು ಸಾಲು: ಸಿದ್ದಪ್ಪ, ಗಾಣ ಒಂದು, ಎತ್ತು ಒಂದು. ನನ್ನ ಬೆರಳು ಆ ಸಾಲಿನ ಮೇಲೆ ಸುಮಾರು ಹೊತ್ತು ನಿಂತಿತ್ತು. ಸಿದ್ದಪ್ಪ ಇದ್ದ. ಗಾಣ ಇತ್ತು. ಎತ್ತೂ ಇತ್ತು, ಒಂದೇ. ಕಣ್ಣಿನ ಬಗ್ಗೆ ಮಾತ್ರ ಸರ್ಕಾರಕ್ಕೆ ಆಸಕ್ತಿ ಇರಲಿಲ್ಲ.

"ಸಿಕ್ತಾ ಸಾರ್ ಕಣ್ಣು?" ಎಂದರು ಗುಮಾಸ್ತರು, ನಿಜವಾದ ಕಾಳಜಿಯಿಂದ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಈಗ ನಮ್ಮ ಕಡೆಯ ಬೀದಿಗೊಂದು ಮರದ ಗಾಣದ ಎಣ್ಣೆ ಅಂಗಡಿ ಆಗಿದೆ. ಬಸವೇಶ್ವರನಗರದಲ್ಲಿ ವಾಕಿಂಗ್ ಮುಗಿಸಿದವರು ಬಾಟಲಿ ಹಿಡಿದು ಕ್ಯೂ ನಿಲ್ಲುತ್ತಾರೆ. ಸಿದ್ದಪ್ಪನ ಮರಿಮೊಮ್ಮಗನ ಮಗನಾದ ನಾನು ಎಪ್ಪತ್ತಕ್ಕೆ ಹತ್ತಿರವಾದ ಮೇಲೆ ಕೊಬ್ಬರಿ ಎಣ್ಣೆಗೂ ಕಡಲೆಕಾಯಿ ಎಣ್ಣೆಗೂ ವಾಸನೆಯಲ್ಲಿ ವ್ಯತ್ಯಾಸ ಕಲಿತಿದ್ದು ಅಲ್ಲೇ. ಗಾಣದವರನ್ನೇ ಕೇಳಿದರಾಯಿತೆಂದು ಕಾಮಾಕ್ಷಿಪಾಳ್ಯದ ಒಂದು ಅಂಗಡಿಗೆ ಹೋದೆ. ಮೋಟಾರು ಗಾಣ. ಮಾಲೀಕ ತರುಣ.

"ಎತ್ತಿಗೆ ಕಣ್ಣು ಯಾಕೆ ಕಟ್ತಾರೆ?" ಎಂದೆ.

"ನಂದು ಮೋಟಾರ್ ಸಾರ್. ಅದಕ್ಕೆ ಕಣ್ಣೆಲ್ಲಿ?"

ಹಿಂದೆ ಕಡಲೆ ಬೀಜ ಆರಿಸುತ್ತಿದ್ದ ಮುದುಕರೊಬ್ಬರು ಎದ್ದು ಬಂದರು. ಅವರ ಮನೆಯಲ್ಲಿ ಎತ್ತಿನ ಗಾಣ ಇತ್ತಂತೆ. "ಕಣ್ಣು ಕಟ್ಟದೆ ಹೂಡಿದ್ರೆ ಎತ್ತಿಗೆ ತಲೆ ಸುತ್ತುತ್ತೆ ಸಾರ್. ಇಡೀ ದಿನ ಅಷ್ಟಗಲದಲ್ಲೇ ಸುತ್ತಬೇಕಲ್ಲ. ಕಟ್ಟೋದು ಅದಕ್ಕೋಸ್ಕರಾನೇ, ಹಿಂಸೆಗಲ್ಲ" ಎಂದರು. "ಹಿಂಡಿಗೂ ಬಾಯಿ ಹಾಕುತ್ತೆ ಅನ್ನಿ."

ಅಂದರೆ ನಾನು ಮೂವತ್ತೊಂದು ವರ್ಷ ಕ್ರೌರ್ಯವೆಂದು ಹೇಳಿಕೊಂಡು ಬಂದದ್ದು ಎತ್ತಿನ ಮೇಲಿನ ಕರುಣೆ. ಸಿದ್ದಪ್ಪ ನಿಜವಾಗಿಯೂ ಕಣ್ಣು ಕಟ್ಟಿರದಿದ್ದರೆ ಅವನ ಎತ್ತು ಮಧ್ಯಾಹ್ನದೊಳಗೆ ಬಿದ್ದುಹೋಗುತ್ತಿತ್ತು. ಒಂದು ಲೀಟರ್ ಎಣ್ಣೆ ತೆಗೆದುಕೊಂಡು ಮನೆಗೆ ಬಂದೆ. ಹೆಂಡತಿ ಡಬ್ಬಿಯನ್ನೂ ನನ್ನ ಮುಖವನ್ನೂ ನೋಡಿ, "ಎಣ್ಣೆ ಕುಡಿದವರ ಹಾಗಿದೀರಲ್ಲ" ಎಂದಳು.

ಮಹೇಶನಿಗೆ ಫೋನು ಮಾಡಿ, ಪುಟ ಬರೆಯಲಾರೆ ಎಂದೆ. ಅವನು ಗಾಬರಿಯಾಗಿ, "ಅಣ್ಣ, ಮುಖಪುಟ ಪ್ರಿಂಟ್ ಆಗಿಬಿಟ್ಟಿದೆ! ಆದಿತ್ಯವಾರ ನಮ್ಮನೆಗೆ ಹೆಳವರು ಬರ್ತಾರೆ. ಅವರ ಪುಸ್ತಕದಲ್ಲಿ ನೋಡಿ ಆಮೇಲೆ ಹೇಳಿ" ಎಂದ.

ಹೆಳವರೆಂದರೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಗಳಿಗೊಮ್ಮೆ ಬಾಗಿಲಿಗೆ ಬಂದು ಗಂಟೆ ಬಾರಿಸಿ, ಆ ಮನೆಯ ಹಿರಿಯರ ಹೆಸರುಗಳನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿ ಪಡೆದು ಹೋಗುವವರು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು. ಈಗಿನ ನಮ್ಮ ಹೆಳವರಾದ ಹನುಮಂತಪ್ಪ ಬಸ್ಸಿನಲ್ಲಿ ಬಂದಿದ್ದರು, ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ತುಂಬಿಕೊಂಡು. ನಾನೂ ಅಕ್ಕನೂ ಹೋದೆವು. ಕಣ್ಣುಪಟ್ಟಿ ಅಕ್ಕನ ಬಟ್ಟೆ ಚೀಲದಲ್ಲಿತ್ತು.

ಹನುಮಂತಪ್ಪ ಮಹೇಶನ ಮನೆಯ ಗೇಟಿನ ಮುಂದೆ ನಿಂತು ಗಂಟೆ ಬಾರಿಸಿದರು. ಎದುರುಮನೆಯವರು ಕೊರಿಯರ್ ಬಂತೆಂದು ಬಾಗಿಲು ತೆಗೆದರು. ಮೂಲಪುರುಷನಿಂದ ಶುರುಮಾಡಿ ಹೆಸರಿನ ಮೇಲೆ ಹೆಸರು, ಒಂದು ಕಡೆಯೂ ತಡವರಿಸದೆ ಇಳಿದು ಬಂದರು. ಆಮೇಲೆ ಆ ಸಾಲು ಬಂತು:

"ಗಾಣದ ಸಿದ್ದಪ್ಪ, ಒಂಟಿ ಎತ್ತಿನ ಸಿದ್ದಪ್ಪ, ಎತ್ತಿನ ಕಣ್ಣ ಕಟ್ಟದ ಸಿದ್ದಪ್ಪ..."

ನಾನು ಕೂಗಿಯೇಬಿಟ್ಟೆ. "ಕೇಳಿದ್ಯಾ ಅಕ್ಕ? ಕೇಳಿದ್ಯಾ?" ಅಜ್ಜಿ ಒಂದು ಸಾಕ್ಷಿ, ಇದು ಇನ್ನೊಂದು ಸಾಕ್ಷಿ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಒಂದೇ ಮಾತು ಹೇಳಿದರೆ ಅದು ಎಷ್ಟು ಗಟ್ಟಿ ಎಂದು ನಾನು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಬಲ್ಲೆ. ಮಹೇಶ ನನ್ನ ಕೈ ಕುಲುಕಿದ. ಅಕ್ಕ ಮಾತ್ರ ಹನುಮಂತಪ್ಪನವರ ಗಂಟೆಯನ್ನೇ ನೋಡುತ್ತಿದ್ದಳು.

ಒಳಗೆ ಕೂತು ಕಾಫಿ ಕುಡಿಯುವಾಗ, "ಪುಸ್ತಕದಲ್ಲಿ ಆ ಪುಟ ತೋರಿಸ್ತೀರಾ?" ಎಂದೆ.

ಅವರು ಬಟ್ಟೆ ಬಿಚ್ಚಿ, ಹಾಳೆ ಮಗುಚಿ, ಬೆರಳಿಟ್ಟರು. "ಇಲ್ಲೈತೆ ನೋಡಿ. ಇದು ನಮ್ಮಜ್ಜನ ಕೈಬರಹ." ಕಪ್ಪು ಮಸಿಯಲ್ಲಿ: ಸಿದ್ದಪ್ಪ, ಗಾಣದವರು, ಒಂಟಿ ಎತ್ತು. ಅಷ್ಟೇ. ಅದರ ಕೆಳಗೆ ನೀಲಿ ಮಸಿಯಲ್ಲಿ, ಬೇರೆ ಕೈಯಲ್ಲಿ, ಇನ್ನೊಂದು ಸಾಲು. "ಇದು ನಮ್ಮಪ್ಪಂದು. 'ಎತ್ತಿಗೆ ಕಣ್ಣು ಕಟ್ಟುತ್ತಿರಲಿಲ್ಲ. ಹೇಳಿದವರು, ರಾಜಾಜಿನಗರದ ಮನೆ ಮಗಳು ಗಿರಿಜಮ್ಮ.'"

ಗಿರಿಜಮ್ಮ ಎಂದರೆ ನಮ್ಮ ಅಕ್ಕ.

"ಹೇಳಿದವರ ಹೆಸರು ಯಾಕೆ ಬರೀತೀರಿ?" ಎಂದು ಹೇಗೋ ಕೇಳಿದೆ.

"ನಾವು ಹೇಳೋದೆಲ್ಲ ಕೇಳಿದ್ದೇ ಅಲ್ವಾ ಸ್ವಾಮಿ? ಯಾರಿಂದ ಕೇಳಿದ್ದು ಅಂತ ಬರೀದಿದ್ರೆ ನಾಳೆ ಅದು ನಮ್ಮ ತಲೆ ಮೇಲೆ ಬರ್ತೈತೆ" ಎಂದರು ಹನುಮಂತಪ್ಪ. ನಾನು ಮೂವತ್ತೊಂದು ವರ್ಷ ಹೇಳಿದ್ದನ್ನು ಇವರ ತಂದೆ ಯಾವ ಕಾಲೇಜಿನ ಬಾಗಿಲನ್ನೂ ನೋಡದೆ ಮಾಡಿಕೊಂಡು ಬಂದಿದ್ದರು.

ಅಕ್ಕ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು. ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಓದಿದಳು. ಮತ್ತೆ ಓದಿದಳು.

"ಈಗ ನೆನಪಾಗ್ತಿದೆ ಕಣೋ" ಎಂದಳು ನಿಧಾನಕ್ಕೆ. "ನಂಗೆ ಹತ್ತು ವರ್ಷ. ನಿಂಗೆ ನಾಕು. ಆ ಬೇಸಿಗೇಲಿ ಊರಿಗೆ ಹೋದಾಗ ಯಾರದೋ ಮನೇಲಿ ಗಾಣದ ಎತ್ತು ನೋಡಿದ್ದೆ. ಕಣ್ಣು ಕಟ್ಟಿದ್ರು. ಅತ್ತು ಊಟ ಬಿಟ್ಟಿದ್ದೆ. ಆಮೇಲೆ ಹೆಳವರು ನಮ್ಮನೆ ಮುಂದೆ ಬಂದ್ರು, ಎತ್ತಿನ ಮೇಲೆ. ಬೀದಿ ಮಕ್ಕಳೆಲ್ಲ ಸೇರಿದ್ವು. ಬರೀ ಗಂಡಸರ ಹೆಸರು ಹೇಳ್ತಾನೇ ಇದ್ರು. ಕೊನೇಲಿ ನನ್ನ ನೋಡಿ, 'ಏನಾದ್ರೂ ಸೇರಿಸೋದೈತಾ ತಾಯಿ?' ಅಂದ್ರು. ತಮಾಷೆಗೆ ಅಂದಿದ್ದು ಅವರು. ನಾನು ಹೇಳಿಬಿಟ್ಟೆ."

"ಸುಳ್ಳು?"

"ಸುಳ್ಳು ಅಂತ ಯಾರಿಗೋ ಗೊತ್ತಿತ್ತು? ನಮ್ಮನೆ ಎತ್ತಿಗೆ ಹಾಗೆ ಮಾಡಿರಲ್ಲ ಅಂತ ಅನ್ಕೊಂಡೆ, ಹೇಳ್ದೆ. ಮುಂದಿನ ಸಲ ಅವರು ಬಂದಾಗ ರಾಗವಾಗಿ ಹೇಳಿದ್ರು. ಅಜ್ಜಿ ಕಣ್ಣಲ್ಲಿ ನೀರು. ಅಲ್ಲಿಂದ ಅಜ್ಜಿ ಎಲ್ಲರಿಗೂ ಹೇಳಕ್ಕೆ ಶುರು ಮಾಡಿದ್ಲು, ನಿನಗೂ. ಕೇಳಿ ಕೇಳಿ ನಾನೇ ಹೇಳಿದ್ದು ಅನ್ನೋದು ನಂಗೇ ಮರೆತೋಯ್ತು."

ಒಬ್ಬಳೇ ಸಾಕ್ಷಿ, ಎರಡು ಬಾಯಿಂದ ಬಂದಿದ್ದಳು. ಇಂಥ ತಪ್ಪು ಮಾಡಿದ ವಿದ್ಯಾರ್ಥಿಗೆ ನಾನು ಸೊನ್ನೆ ಕೊಡುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ, ಆ ಕ್ಷಣ ನನಗಾದದ್ದು ನಿರಾಳ. ಅಜ್ಜಿ ಹೇಳಿದ್ದಳು. ಜಗುಲಿ ಇರಲಿಲ್ಲ, ಮಂಡಕ್ಕಿ ಇರಲಿಲ್ಲ, ಅಜ್ಜಿ ಇದ್ದಳು. ಇನ್ನೂ ಒಂದು ವಿಷಯ ಆಗ ಹೊಳೆಯಿತು. ಅಜ್ಜಿ ಆ ಗಾಣದ ಮನೆಗೆ ಸೊಸೆಯಾಗಿ ಬಂದವಳು. ಕಣ್ಣುಪಟ್ಟಿ ಅವಳ ಟ್ರಂಕಿನಲ್ಲೇ ಇತ್ತು. ಮೊಮ್ಮಗಳ ಮಾತು ಕಟ್ಟುಕಥೆ ಎಂದು ಅವಳಿಗೆ ಗೊತ್ತಿರಲೇಬೇಕು. ಗೊತ್ತಿದ್ದೂ ಕಣ್ಣುಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಬೀಗ ಹಾಕಿ, ಮೊಮ್ಮಗಳ ಕಥೆಯನ್ನೇ ಹೇಳಿಕೊಂಡು ಬಂದಳು.

"ಆ ನೀಲಿ ಸಾಲನ್ನ ಹೊಡೆದು ಹಾಕಬಹುದಾ?" ಎಂದೆ ಹನುಮಂತಪ್ಪನವರಿಗೆ, ಹಳೆಯ ಅಭ್ಯಾಸಬಲದಿಂದ.

"ಬರೆದಿದ್ದು ಹೊಡೆಯೋ ಪದ್ಧತಿ ನಮ್ಮಲ್ಲಿಲ್ಲ. ಸೇರಿಸಬೋದು."

"ಹಾಗಾದ್ರೆ ಸೇರಿಸ್ಕೊಳಿ" ಎಂದಳು ಅಕ್ಕ. "ನಮ್ಮಜ್ಜಿ ಹೆಸರು ಬಸಮ್ಮ. ಅವರ ಅತ್ತೆ ಗುರುಸಿದ್ದಮ್ಮ. ನಮ್ಮಮ್ಮ ಪಾರ್ವತಿ."

"ಹೇಳಿ ತಾಯಿ, ನಿಧಾನಕ್ಕೆ ಹೇಳಿ. ಇಷ್ಟು ದಿನ ಯಾರೂ ಹೇಳ್ಲಿಲ್ಲ, ನಾವೂ ಬರೀಲಿಲ್ಲ."

ಅವಳು ಹೇಳುತ್ತಾ ಹೋದಳು, ಅವರು ಬರೆಯುತ್ತಾ ಹೋದರು. ಮಹೇಶ ಎರಡು ಸಲ ಬಂದು, "ಅಕ್ಕ, ಹೋಳಿಗೆ ಆರಿ ಹೋಗ್ತಿದೆ" ಎಂದ. ಮೂರನೆಯ ಸಲ ಬಂದವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಆಮೇಲೆ ತನ್ನ ಮಗಳ ಹೆಸರನ್ನೂ ಮೆಲ್ಲಗೆ ಹೇಳಿದ. ಮರಕ್ಕೆ ಇನ್ನೊಂದು ಪುಟ ಹಾಕಿಸುತ್ತೇನೆಂದು ಊಟಕ್ಕೆ ಬಡಿಸುವಾಗ ಒಪ್ಪಿಕೊಂಡ.

ಸಂಜೆ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದೆವು. ಇಬ್ಬರಿಗೂ ಸೀಟು ಸಿಕ್ಕಿತು. ನಾನು ಪುಟ ಬರೆಯಲು ಒಪ್ಪಿದ್ದೆ. ಪಟ್ಟಿಯಲ್ಲಿದ್ದ ಸಾಲು, ಹೆಳವರ ಎರಡು ಸಾಲು, ಕಾಮಾಕ್ಷಿಪಾಳ್ಯದ ಮುದುಕರ ಮಾತು, ಟ್ರಂಕಿನ ಕಣ್ಣುಪಟ್ಟಿ, ಎಲ್ಲವನ್ನೂ ಇದ್ದಂತೆ ಬರೆದು, ಕೆಳಗೆ 'ಕಥೆ ಹೇಳಿದವರು: ಗಿರಿಜಕ್ಕ, ಹತ್ತು ವರ್ಷದವಳಿದ್ದಾಗ' ಎಂದು ಹಾಕುತ್ತೇನೆ ಎಂದೆ.

"ವಯಸ್ಸು ಬೇಡ" ಎಂದಳು ಅಕ್ಕ. ಚೀಲದಿಂದ ಕಣ್ಣುಪಟ್ಟಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಸವರಿದಳು. ಆಮೇಲೆ, ಎದುರಿಗೆ ಕಾಲೇಜಿನ ಹುಡುಗಿಯರು ಕೂತಿದ್ದಾರೆ ಎಂಬುದನ್ನೂ ಲೆಕ್ಕಿಸದೆ, ಎರಡೂ ಬಟ್ಟಲುಗಳನ್ನು ತನ್ನ ಕಣ್ಣಿಗೆ ಹಿಡಿದಳು.

"ಅಕ್ಕ, ತೆಗಿ. ಎಲ್ಲ ನೋಡ್ತಿದಾರೆ."

"ಇರೋ." ತಲೆಯನ್ನು ಕಿಟಕಿಯ ಕಡೆಗೆ ತಿರುಗಿಸಿದಳು. "ಶಿವು, ಅತ್ತಿಗುಪ್ಪೆ ಬಂತು."

"ಅನೌನ್ಸ್ ಆಯ್ತಲ್ಲ, ಗೊತ್ತಾಯ್ತು."

"ಕೇಳಿಸ್ತು ಅಲ್ಲ ಕಣೋ. ಕಾಣಿಸ್ತಿದೆ. ಬೋರ್ಡು ಕಾಣಿಸ್ತಿದೆ."

ಕಸಿದುಕೊಂಡು ನನ್ನ ಕಣ್ಣಿಗೆ ಹಿಡಿದೆ. ಹೌದು. ಒಂದೊಂದು ಬಟ್ಟಲಿನ ನಡುವೆಯೂ ಗೋಣಿಸೂಜಿ ತೂರುವಷ್ಟು ಒಂದು ತೂತು. ಅದರೊಳಗೆ ಹಸಿರು ಬೋರ್ಡಿನ ಒಂದೆರಡು ಅಕ್ಷರ, ಒಬ್ಬ ಹುಡುಗಿಯ ನಗು, ಬಾಗಿಲು ಮುಚ್ಚಿದ್ದು. ಅಗಲ, ಆಳ ಎಲ್ಲ ಅಳೆದಿದ್ದೆ. ಕಣ್ಣಿಗೆ ಹಿಡಿದು ನೋಡಿರಲಿಲ್ಲ.

"ಹುಳ ತಿಂದಿರಬೇಕು" ಎಂದೆ.

"ಎರಡರಲ್ಲೂ ಒಂದೇ ಜಾಗದಲ್ಲಾ?"

"ನೀನೇ ಚುಚ್ಚಿರಬೇಕು, ಚಿಕ್ಕವಳಿದ್ದಾಗ."

"ಟ್ರಂಕಿನ ಬೀಗ ಒಡೆದಿದ್ದು ಹೋದ ತಿಂಗಳು."

ತಲೆ ಸುತ್ತದಷ್ಟು ಕತ್ತಲೆ, ದಾರಿ ಕಾಣುವಷ್ಟು ಬೆಳಕು. ಒಂದೇ ಎತ್ತು ಇದ್ದವನು ಕೂತು ಯೋಚಿಸಿ ಮಾಡಿದ ಕೆಲಸವಿರಬಹುದು. ಇಲ್ಲದೆಯೂ ಇರಬಹುದು. ವಿಜಯನಗರ ಬಂತು, ಇಬ್ಬರೂ ಎದ್ದೆವು.

"ಇದನ್ನೂ ಬರೀಬೇಕಾಗುತ್ತೆ" ಎಂದೆ. "ಹೇಳಿದವರು ಯಾರು ಅಂತ ಹಾಕಲಿ?"

ಅಕ್ಕ ಕಣ್ಣುಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ನನಗಿಂತ ಮುಂದೆ ಇಳಿದಳು.

"ಎತ್ತು ಅಂತ ಬರಿ."